ನಿಮ್ಮ ಮನೆಯಲ್ಲಿ ಕಣ್ಣಗಿ ಏನಾದಳು?

ಚೆನ್ನೈನ ಮರೀನಾ ರಸ್ತೆಯಲ್ಲಿ ತಮಿಳು ಕಾವ್ಯ ‘ಶಿಲಪ್ಪದಿಕಾರ’ದ ನಾಯಕಿ ಕಣ್ಣಗಿ ಕೈಯಲ್ಲಿ ಕಾಲಂದುಗೆ ಹಿಡಿದು ನಿಂತಿದ್ದಾಳೆ. 1968ರಲ್ಲಿ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ನಿಲ್ಲಿಸಿದ ಪ್ರತಿಮೆ. 2001ರ ಡಿಸೆಂಬರಿನಲ್ಲಿ ಅದನ್ನು ತೆಗೆದರು, 2006ರಲ್ಲಿ ಮತ್ತೆ ತಂದು ನಿಲ್ಲಿಸಿದರು. ನಡುವಿನ ವರ್ಷಗಳಲ್ಲಿ ಕತೆಯೊಳಗಿನ ಒಬ್ಬ ಹೆಣ್ಣುಮಗಳಿಗಾಗಿ ರಾಜಕೀಯದವರೆಲ್ಲ ಕಚ್ಚಾಡಿದರು. ಅದೇ ರಸ್ತೆಯಲ್ಲಿ 1857ರಲ್ಲಿ ಹುಟ್ಟಿದ ಮದ್ರಾಸು ವಿಶ್ವವಿದ್ಯಾಲಯವೂ ಇದೆ. ಸಮುದಾಯ ಎಂದರೇನು ಎಂದು ಪಾಠ ಹೇಳುವವರಿಗೆ ಇಷ್ಟು ಹತ್ತಿರದಲ್ಲಿ ಇಂಥ ಸಾಮಗ್ರಿ ಬೇರೆಲ್ಲಿ ಸಿಕ್ಕೀತು?

ಕತೆಯ ಮೂಲಕ ಪಾಠ ಹೇಳುವ ಕಸುಬು ನೋಡಲು ಸುಲಭ. ಬೆಂಚುಗಳನ್ನು ಬದಿಗೆ ಸರಿಸಿ, ದುಂಡಗೆ ಕೂತು, ಪುಸ್ತಕ ಮೊಬೈಲು ಮುಚ್ಚಿಟ್ಟು, ‘ನಿಮ್ಮ ಮನೆಯಲ್ಲಿ ಕಣ್ಣಗಿಯ ಕತೆ ಹೇಗೆ ಹೇಳುತ್ತಾರೆ?’ ಎಂದು ಕೇಳಿದರಾಯಿತು. ಕಷ್ಟ ಶುರುವಾಗುವುದು ಆಮೇಲೆ. ಒಬ್ಬ ಪಠ್ಯದ ‘ಶಿಲಪ್ಪದಿಕಾರ’ವನ್ನೇ ಒಪ್ಪಿಸುತ್ತಾನೆ: ಗಂಡ ಕೋವಲನ್, ಅವನ ಪ್ರೇಯಸಿ ಮಾಧವಿ, ಪಾಂಡ್ಯ ರಾಜನ ಅನ್ಯಾಯ, ಕಣ್ಣಗಿಯ ಕೋಪಕ್ಕೆ ಉರಿದ ಮಧುರೈ. ತಮಿಳರ ಬೀದಿನಾಟಕ ತೆರುಕ್ಕೂತ್ತು ನೋಡಿ ಬೆಳೆದವಳು, ಕಣ್ಣಗಿ ಸಾಕ್ಷಾತ್ ಕಾಳಿ ಎನ್ನಬಹುದು. ಕೇರಳದ ಹುಡುಗನಿಗೆ ಅವಳು ಕೊಡುಂಗಲ್ಲೂರಿನ ಭಗವತಿ. ಶ್ರೀಲಂಕಾದ ಸಿಂಹಳ ಬೌದ್ಧರಿಗೆ ಪತ್ತಿನಿ ದೇವಿ. ಕಾವ್ಯ ಬರೆದ ಇಳಂಗೋ ಅಡಿಗಳು ಜೈನ ಸನ್ಯಾಸಿ ಎಂಬುದು ಪರಂಪರೆಯ ಮಾತು. ಹಾಗಾದರೆ ಕಣ್ಣಗಿ ಯಾರವಳು? ಒಳ್ಳೆಯ ಮೇಷ್ಟರು ಇಲ್ಲಿ ಬಾಯಿ ಬಿಡುವುದಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಅಧ್ಯಾಪಕರಿಗೆ ಎಷ್ಟು ಕಷ್ಟವೆಂದು ಆ ಕೆಲಸ ಮಾಡಿದವರಿಗೇ ಗೊತ್ತು. ಕನ್ನಡದ ಮನೆಯ ಹುಡುಗಿ ‘ನಮ್ಮಲ್ಲಿ ಈ ಕತೆ ಇಲ್ಲ ಸಾರ್’ ಎಂದರೆ, ‘ಮತ್ತೆ ಯಾವುದಿದೆಯಮ್ಮಾ?’ ಎಂದು ಕೇಳಿ ಪುಣ್ಯಕೋಟಿಗೂ ಜಾಗ ಮಾಡಿಕೊಡುತ್ತಾರೆ.

ನೇರವಾಗಿ ‘ನಿನ್ನ ಕತೆ ಹೇಳು’ ಎನ್ನುವ ಪದ್ಧತಿಯೂ ಉಂಟು. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ನಮ್ಮ ದೇಶದಲ್ಲಿ ಹೆಸರು, ಊರು, ಅಡುಗೆ ಯಾವುದರಿಂದ ಶುರುಮಾಡಿದರೂ ಎರಡನೇ ವಾಕ್ಯಕ್ಕೆ ಜಾತಿ ಹೊರಬೀಳುತ್ತದೆ. ಹೇಳಿಕೊಳ್ಳುವ ಧೈರ್ಯ ಕೆಲವರಿಗಿರುತ್ತದೆ, ಇಲ್ಲದವರನ್ನು ಬಲವಂತ ಮಾಡುವುದು ಪಾಠವಲ್ಲ. ಕಣ್ಣಗಿಯ ಮರೆಯಲ್ಲಿ ನಿಂತು ಮಾತಾಡಿದರೆ ಎಷ್ಟು ತೋರಿಸಬೇಕು, ಎಷ್ಟು ಮುಚ್ಚಿಡಬೇಕು ಎಂಬುದು ಹೇಳುವವರ ಕೈಯಲ್ಲೇ ಉಳಿಯುತ್ತದೆ.

ಆದರೆ ಕತೆಯನ್ನು ಪೂರ್ತಿ ಮುಚ್ಚಿಟ್ಟರೂ ಕಷ್ಟ ಎಂಬ ಗುಟ್ಟು ಕವಿ, ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ ಅವರಿಗೆ ಚೆನ್ನಾಗಿ ತಿಳಿದಿತ್ತು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರಿಗೆ ಅಮ್ಮನೊಡನೆ ತಮಿಳು, ಬೀದಿಯಲ್ಲಿ ಕನ್ನಡ, ಮಹಡಿಯ ಮೇಲೆ ಅಪ್ಪನ ಇಂಗ್ಲಿಷು. 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಶಿಕಾಗೊದಲ್ಲಿ ಪಾಠ ಹೇಳಿದ ಅವರು ಕನ್ನಡದ ಅಜ್ಜಿಕತೆಗಳನ್ನು ಪಂಡಿತರ ಮುಂದಿಟ್ಟರು. ಅವರು ಸಂಗ್ರಹಿಸಿದ ಒಂದು ಕತೆಯಲ್ಲಿ, ಹೆಂಗಸೊಬ್ಬಳು ತನಗೆ ಗೊತ್ತಿದ್ದ ಕತೆ, ಹಾಡು ಎರಡನ್ನೂ ಯಾರಿಗೂ ಹೇಳದೆ ಇಟ್ಟುಕೊಳ್ಳುತ್ತಾಳೆ. ಉಸಿರುಗಟ್ಟಿದ ಅವೆರಡೂ ತಪ್ಪಿಸಿಕೊಂಡು, ಕತೆ ಮೆಟ್ಟುಗಳಾಗಿ ಬಾಗಿಲಲ್ಲಿ ಕೂರುತ್ತದೆ, ಹಾಡು ಕೋಟಾಗಿ ಗೂಟಕ್ಕೆ ನೇತುಬೀಳುತ್ತದೆ. ಗಂಡನಿಗೆ ಅನುಮಾನ, ಮನೆಯಲ್ಲಿ ಜಗಳ.

ಚೆನ್ನೈನಲ್ಲೇ ನೆಲೆಸಿದ ಎರಿಕ್ ಮಿಲ್ಲರ್ ಕತೆ ಕೇಳುವ, ಹೇಳುವ ಈ ಕಸುಬಿಗೆ ಕಾಲ್ನಡಿಗೆಯ ದಾರಿ ಹಿಡಿದವರು. ನ್ಯೂಯಾರ್ಕಿನ ಈ ಜಾನಪದ ವಿದ್ವಾಂಸರು 1988ರಲ್ಲಿ ಪೂಂಪುಹಾರಿನಿಂದ ಮಧುರೈಗೆ ಕಣ್ಣಗಿಯ ಜಾಡಿನಲ್ಲೇ ನಡೆದು, ದಾರಿಯುದ್ದಕ್ಕೂ ಜನರ ಬಾಯಲ್ಲಿ ಅವಳ ಕತೆ ಕೇಳಿದರು. ಮುಂದೆ ಚೆನ್ನೈನಲ್ಲಿ ವರ್ಲ್ಡ್ ಸ್ಟೋರಿಟೆಲಿಂಗ್ ಇನ್‌ಸ್ಟಿಟ್ಯೂಟ್ ಕಟ್ಟುವುದರಲ್ಲಿ ಕೈಜೋಡಿಸಿದರು.

ಮತ್ತೆ ತರಗತಿಗೆ ಬಂದರೆ, ದುಂಡಗೆ ಕೂತು ಕತೆ ಹೇಳುವ ಮೊದಲ ಸುತ್ತಿಗಿಂತ ಎರಡನೇ ಸುತ್ತು ನನಗೆ ಇನ್ನೂ ಇಷ್ಟ. ಇಬ್ಬಿಬ್ಬರಾಗಿ ಕೂತು ಒಬ್ಬರ ಕತೆ ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಆಮೇಲೆ ಕೇಳಿದವರು ಅದನ್ನು ‘ನಾನು’ ಎಂದೇ ಎಲ್ಲರೆದುರು ಹೇಳಬೇಕು, ಅದೂ ಕತೆಯ ಒಡೆಯರ ಒಪ್ಪಿಗೆ ಇದ್ದರೆ ಮಾತ್ರ. ಮೈಲಾಪುರದ ಹುಡುಗ ಮೀನುಗಾರರ ಕುಪ್ಪದ ಗೆಳತಿಯ ಅಜ್ಜಿಯಾಗಿ ಮಾತಾಡುವಾಗ ಎಲ್ಲಿ ತಡವರಿಸಿದ, ಯಾವ ವಿವರ ಬಿಟ್ಟ, ಯಾವುದನ್ನು ಸೇರಿಸಿದ ಎಂಬ ಮಾತುಕತೆಯೇ ಆ ದಿನದ ಪಾಠ.

ಇದಕ್ಕೆ ಅಂಕ ಹಾಕುವುದು ಹೇಗೆ ಎಂದು ಪರೀಕ್ಷಾ ವಿಭಾಗದವರು ಕೇಳಿಯೇ ಕೇಳುತ್ತಾರೆ. ಒಬ್ಬರ ಬದುಕಿಗೆ ಹತ್ತಕ್ಕೆ ಆರು ಕೊಡಲಾಗದು, ನಿಜ. ಆದರೆ ಕೇಳಿದವರು ಒಂದು ಪುಟ ಬರೆದುಕೊಡಬಹುದು: ಕೇಳಿದ ಕತೆಯಲ್ಲಿ ನಾನು ಬದಲಿಸಿದ್ದೇನು, ಯಾಕೆ ಬದಲಿಸಿದೆ. ಆ ಪುಟಕ್ಕೆ ಧಾರಾಳವಾಗಿ ಅಂಕ ಹಾಕಬಹುದು.