ಅಳತೆಗೆ ಒಪ್ಪುವ ಗಾಲಿಕುರ್ಚಿ

ಅಂಗಿ ಹೊಲಿಯುವ ಮೊದಲು ದರ್ಜಿಯು ಮೈಯಳತೆ ತೆಗೆಯುತ್ತಾನೆ. ಗಾಲಿಕುರ್ಚಿಯ ವಿಷಯದಲ್ಲಿ ಮಾತ್ರ ನಾವು ಅಳತೆಯನ್ನು ಕೇಳುವುದೇ ಇಲ್ಲ. ದೊರೆತದ್ದರಲ್ಲಿ ಮಗುವನ್ನು ಕೂರಿಸುತ್ತೇವೆ. ಆಸನವು ಅಗಲವಾದರೆ ಮೈ ಒಂದು ಬದಿಗೆ ವಾಲುತ್ತದೆ, ಬೆನ್ನು ಬಾಗುತ್ತದೆ. ಕೈಗೆ ಚಕ್ರವು ಸರಿಯಾಗಿ ಎಟುಕದೆ ತಳ್ಳುವವರಿಗಾಗಿ ಕಾಯಬೇಕಾಗುತ್ತದೆ.

ಈ ಕೊರತೆಯನ್ನು ನೀಗಲು ಮದರಾಸಿನ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕಿ ಸುಜಾತಾ ಶ್ರೀನಿವಾಸನ್ ಅವರ ತಂಡವು ಶ್ರಮಿಸಿತು. ಅಲ್ಲಿಂದ ಹುಟ್ಟಿದ ನಿಯೋಮೋಷನ್ ಸಂಸ್ಥೆಯು, ಬಳಸುವವರ ಅಳತೆಗೆ ಹೊಂದಿಸುವ ‘ನಿಯೋಫ್ಲೈ’ ಕುರ್ಚಿಯನ್ನೂ, ಅದರ ಮುಂದೆ ಜೋಡಿಸಿದರೆ ಗಂಟೆಗೆ 25 ಕಿಲೋಮೀಟರ್ ವೇಗದವರೆಗೆ ಓಡಿಸುವ ‘ನಿಯೋಬೋಲ್ಟ್’ ಎಂಬ ಬ್ಯಾಟರಿ ಗಾಲಿಯನ್ನೂ ಮಾರುಕಟ್ಟೆಗೆ ತಂದಿತು. 2021ರಲ್ಲಿ ಇವುಗಳ ಬೆಲೆ ಕ್ರಮವಾಗಿ 39,900 ಹಾಗೂ 55,000 ರೂಪಾಯಿಗಳಾಗಿದ್ದವು.

ಜೀರಹಳ್ಳಿಯಂತಹ ಗುಡ್ಡದೂರಿನ ರೈತ ಕುಟುಂಬಕ್ಕೆ ಇದು ಹೊರೆಯೇ ಸರಿ. ಆದರೆ ಉಚಿತವಾಗಿ ಬಂದ ಕುರ್ಚಿಯೂ ಮೈಗೊಪ್ಪದೆ ಮೂಲೆ ಸೇರಿದರೆ ಫಲವೇನು? ಯಾವ ಕುರ್ಚಿಯನ್ನೇ ಪಡೆಯಲಿ, ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನ ಎತ್ತರಗಳನ್ನು ಅಳೆಯುವಂತೆ ತಾಯ್ತಂದೆಯರು ಕೇಳಬೇಕು. ಶಾಲೆಯವರಾದ ನಾವು ಮೆಟ್ಟಿಲ ಪಕ್ಕದಲ್ಲಿ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರನ್ನು ಕಟ್ಟಿಸಬೇಕು. ಅದಿಲ್ಲದಿದ್ದರೆ ಎಂತಹ ಕುರ್ಚಿ ಬಂದರೂ ಮಗು ಅಂಗಳದಲ್ಲೇ ಉಳಿದೀತು.