ಕ್ಯಾನ್ಸರ್ ರೋಗಿಯ ರಕ್ತಹೀನತೆ ಮತ್ತು ಆಹಾರ: ಬೀಟ್‌ರೂಟ್ ರಸಕ್ಕಾಗಿ ವ್ರತ ಬಿಡಬೇಕೆ?

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದು, ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ ಎಂಬ ರಿಪೋರ್ಟ್ ಬಂದರೆ ಸಾಕು, ನೆಂಟರಿಷ್ಟರ ಸಲಹೆ ಶುರುವಾಗುತ್ತದೆ. ಬೀಟ್‌ರೂಟ್ ರಸ ಕುಡಿಸಿ, ರಕ್ತ ಏರುತ್ತದೆ ಎನ್ನುವವರೇ ಹೆಚ್ಚು. ಕಂದಮೂಲ ತ್ಯಜಿಸಿದ ಜೈನ ಮನೆಗಳಲ್ಲಿ ಇದು ದೊಡ್ಡ ಸಂಕಟ. ವ್ರತ ಬಿಟ್ಟರೆ ಮನಸ್ಸಿಗೆ ನೋವು, ಬಿಡದಿದ್ದರೆ ಜೀವಕ್ಕೆ ಅಪಾಯವೇನೋ ಎಂಬ ಭಯ. ಮೋಕ, ಕುರುಗೋಡು, ಸಿರುಗುಪ್ಪ ಕಡೆಯಿಂದ ಬಳ್ಳಾರಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಅಲೆಯುವ ಕುಟುಂಬಕ್ಕೆ ಈ ಚಿಂತೆ ಬೇರೆ.

ಈ ಚಿಂತೆ ಬೇಡ. 100 ಗ್ರಾಂ ಬೀಟ್‌ರೂಟ್‌ನಲ್ಲಿ 1 ಮಿಲಿಗ್ರಾಂ ಕಬ್ಬಿಣದ ಅಂಶವೂ ಇಲ್ಲ. ಅದೇ ತೂಕದ ಒಣ ಹೆಸರುಕಾಳಿನಲ್ಲಿ 4 ಮಿಲಿಗ್ರಾಂಗಿಂತ ಹೆಚ್ಚಿದೆ. ಬಣ್ಣ ಕೆಂಪಾದ ಮಾತ್ರಕ್ಕೆ ರಕ್ತವಾಗುವುದಿಲ್ಲ.

ಗಂಡಸರಿಗೆ 13, ಹೆಂಗಸರಿಗೆ 12 ಗ್ರಾಂಗಿಂತ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ಇದು ಇದೆ. ಅಂದರೆ ಎಷ್ಟೋ ತಾಯಂದಿರಿಗೆ ರೋಗ ಬರುವ ಮೊದಲೇ ರಕ್ತ ಕಡಿಮೆ. ಮೇಲೆ ಕ್ಯಾನ್ಸರ್ ಬಂದರೆ ಬಾಯಿ ರುಚಿ ಕೆಡುತ್ತದೆ, ಹಸಿವು ಹೋಗುತ್ತದೆ, ವಾಂತಿಯಾಗುತ್ತದೆ. ಊಟ ಇಳಿದಂತೆ ಪ್ರೋಟೀನ್, ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಎಲ್ಲವೂ ಇಳಿಯುತ್ತವೆ. ಹೊಟ್ಟೆ, ಕರುಳು, ಗರ್ಭಕಂಠದ ಗಡ್ಡೆಗಳಿಂದ ರಕ್ತಸ್ರಾವವೂ ಆಗಬಹುದು. ಕೀಮೋ ಔಷಧಿಗಳು ರಕ್ತ ತಯಾರಾಗುವ ಮೂಳೆಮಜ್ಜೆಯನ್ನೇ ಕುಗ್ಗಿಸುತ್ತವೆ.

ಇನ್ನೊಂದು ಕಾರಣ ಹೆಚ್ಚಿನವರಿಗೆ ತಿಳಿಯದು. ಕ್ಯಾನ್ಸರ್ ಇದ್ದಾಗ ದೇಹದೊಳಗೆ ಉರಿಯೂತ ನಡೆದೇ ಇರುತ್ತದೆ. ಅದರಿಂದ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ. ಇದು ಕರುಳಿನಿಂದ ಕಬ್ಬಿಣ ಒಳಬರುವುದನ್ನು ತಡೆಯುತ್ತದೆ, ಒಳಗೆ ಸಂಗ್ರಹವಾದದ್ದನ್ನೂ ಹೊರಬಿಡುವುದಿಲ್ಲ. ಗೋದಾಮಿನಲ್ಲಿ ಸರಕು ತುಂಬಿದೆ, ಬಾಗಿಲಿಗೆ ಬೀಗ ಬಿದ್ದಿದೆ, ಅಂಗಡಿ ಮಾತ್ರ ಖಾಲಿ, ಹಾಗೆ. ಆದ್ದರಿಂದಲೇ ಕಬ್ಬಿಣದ ಮಾತ್ರೆ ನುಂಗಿದರೂ ಕೆಲವರಿಗೆ ರಕ್ತ ಏರುವುದಿಲ್ಲ. ಫೆರಿಟಿನ್ ಪರೀಕ್ಷೆಯೊಂದನ್ನೇ ನೋಡಿದರೆ ಸಂಗ್ರಹ ಚೆನ್ನಾಗಿದೆ ಎಂದು ಕಾಣಬಹುದು. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ನೋಡಿ, ಅಗತ್ಯವಿದ್ದರೆ ವೈದ್ಯರು ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಹೊಟ್ಟೆಯ ಆಪರೇಷನ್ ಆದವರಿಗೆ ಬಿ12 ಇಂಜೆಕ್ಷನ್ ಬೇಕಾಗಬಹುದು. ಅಂಗಡಿಯಿಂದ ತಾವೇ ವಿಟಮಿನ್ ಮಾತ್ರೆ ತಂದು ಕೊಡುವುದು ಸರಿಯಲ್ಲ, ಕೆಲವು ಕೀಮೋ ಔಷಧಿಗಳಿಗೆ ಅವು ಅಡ್ಡ ಬರುತ್ತವೆ.

ರಕ್ತ ಕಡಿಮೆಯಾದರೆ ಸುಸ್ತು ಮಾತ್ರವಲ್ಲ. ಆಮ್ಲಜನಕ ಸಾಲದ ಗಡ್ಡೆಯ ಮೇಲೆ ವಿಕಿರಣ ಚಿಕಿತ್ಸೆಯ ಪ್ರಭಾವವೂ ಕುಗ್ಗುತ್ತದೆ.

ಹಾಗಾದರೆ ಆಹಾರದಿಂದ ಪ್ರಯೋಜನವಿಲ್ಲವೆ? ಇದೆ, ಬಹಳ ಇದೆ. ರಕ್ತಕಣ ಕಟ್ಟಲು ಕಬ್ಬಿಣದಷ್ಟೇ ಪ್ರೋಟೀನ್ ಬೇಕು. ರೋಗಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್ ಇರಬೇಕೆಂಬುದು ತಜ್ಞರ ಮಾತು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಕೇಳಿ ತಿಳಿಯಬೇಕು. ರೋಗಿಗೆ ಹಗುರವಾಗಲಿ ಎಂದು ಬರೀ ಗಂಜಿ, ತಿಳಿಸಾರು ಅನ್ನ ಕೊಡುವ ರೂಢಿ ನಮ್ಮ ಭತ್ತದ ಸೀಮೆಯಲ್ಲಿದೆ. ಅದರಲ್ಲಿ ಸತ್ವ ಸಾಲದು. ಗಟ್ಟಿ ಹೆಸರುಬೇಳೆ ತೊವ್ವೆ, ಹಾಲಿನಲ್ಲಿ ನೆನೆಸಿದ ಮೆತ್ತನೆಯ ಜೋಳದ ರೊಟ್ಟಿ, ಪನೀರ್, ಶೇಂಗಾ ಪುಡಿ, ಎಳ್ಳು, ನುಗ್ಗೆಸೊಪ್ಪು ಎಲ್ಲವೂ ಆಗಬಹುದು. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರಿಗೆ ಕಾಳು, ಎಳ್ಳು ಇದ್ದೇ ಇವೆ. ಊಟದ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಬಿ12 ಸೊಪ್ಪು, ಕಾಳುಗಳಲ್ಲಿಲ್ಲ, ಹಾಲು ಮೊಸರಿನಲ್ಲಿದೆ.

ಇನ್ನು ರಾತ್ರಿ ಭೋಜನ ತ್ಯಾಗ. ಒಂದೇ ಸಲಕ್ಕೆ ಹೊಟ್ಟೆತುಂಬ ತಿನ್ನಲಾಗದ ರೋಗಿಗೆ ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಟ್ಟರೆ ಆರು ಸಲವಾಗುತ್ತದೆ. ವ್ರತ ಉಳಿಯುತ್ತದೆ, ಹೊಟ್ಟೆಗೂ ಸೇರುತ್ತದೆ. ಆದರೆ ಪರ್ಯೂಷಣ, ದಶಲಕ್ಷಣದ ಉಪವಾಸವನ್ನು ಕೀಮೋ ನಡುವೆ ಹಿಡಿಯುವುದು ಬೇರೆ ಮಾತು. ಆರು ತಿಂಗಳಲ್ಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಅಂಥವರು ಉಪವಾಸಕ್ಕೆ ಕೂರಬಾರದು. ಸ್ವಾಧ್ಯಾಯ, ಸಾಮಾಯಿಕ ಮಾಡಬಹುದು. ಹಟ ಹಿಡಿಯುವ ಹಿರಿಯರಿದ್ದರೆ ರಿಪೋರ್ಟ್ ಸಮೇತ ಗುರುಗಳ ಬಳಿಗೇ ಕರೆದುಕೊಂಡು ಹೋಗುವುದು ಒಳ್ಳೆಯದು, ಮನೆಯವರ ಮಾತು ಕೇಳದವರು ಅಲ್ಲಿ ಕೇಳುತ್ತಾರೆ. ಮನೆಯವರು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ, ಬರೆದಿಟ್ಟು, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಬೇಕು.