ತಾನೇ ಮಿಡಿಯುವ ನರಕೋಶ

ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಚುಚ್ಚಿಸಿಕೊಂಡ ಮೊಲಗಳು ಕಿವಿ ಜೋಲುಬಿಟ್ಟು, ಕೂತಲ್ಲೇ ಮುದುಡಿದ್ದವು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಅವಕ್ಕೆ, ಮೈಯೊಳಗೆ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟರು. ತುಸು ಹೊತ್ತಿಗೆಲ್ಲ ಮೊಲಗಳು ಎದ್ದು ಓಡಾಡಿದವು. ಇದು 1957ರ ಮಾತು. ಬೇರೊಂದು ರಾಸಾಯನಿಕಕ್ಕೆ ಕಚ್ಚಾವಸ್ತು ಎಂದಷ್ಟೇ ಎಣಿಸಿದ್ದ ಡೋಪಮೈನ್‌ಗೆ ಮಿದುಳಿನಲ್ಲಿ ಸ್ವಂತ ಕಸುಬಿದೆ ಎಂದು ತೋರಿಸಿದ ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಡೋಪಮೈನ್ ತಯಾರಿಸುವ ಕೋಶಗಳು ನಡುಮಿದುಳಿನ ಕಪ್ಪು ಭಾಗವಾದ ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲೂ ಅದರ ನೆರೆಯಲ್ಲೂ ಇವೆ ಎಂಬುದು 1964ರ ಹೊತ್ತಿಗೆ ಗೊತ್ತಾಯಿತು. ಅವುಗಳ ವಿದ್ಯುತ್ತನ್ನು ಅಳೆಯುವುದು ಸುಲಭವಿರಲಿಲ್ಲ. ಗಾಜಿನ ಸೂಜಿಮೊನೆ ಚುಚ್ಚಿದ್ದು ಡೋಪಮೈನ್ ಕೋಶಕ್ಕೋ, ಪಕ್ಕದ್ದಕ್ಕೋ? ಆಂಟನಿ ಗ್ರೇಸ್ ಮತ್ತು ಬೆಂಜಮಿನ್ ಬನ್ನಿ 1980ರಲ್ಲಿ ಒಂದು ಉಪಾಯ ಹೂಡಿದರು. ಅದೇ ಸೂಜಿಯಿಂದ ಕೋಶದೊಳಕ್ಕೆ ಎಲ್-ಡೋಪಾ ಬಿಟ್ಟರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಳತೆ ಕೊಟ್ಟ ಕೋಶ, ಒಳಗೆ ಡೋಪಮೈನ್ ಹೆಚ್ಚಿದ್ದರಿಂದ, ಉಳಿದವಕ್ಕಿಂತ ಪ್ರಖರವಾಗಿ ಹೊಳೆಯುತ್ತಿತ್ತು.

ನಿಜವಾದ ಅಚ್ಚರಿ ಕಂಡದ್ದು ಮಿದುಳಿನ ತೆಳು ಹೋಳುಗಳಲ್ಲಿ. ಹೊರಗಿನ ಸಂದೇಶಗಳೆಲ್ಲ ಕಡಿದುಹೋದರೂ ಕೋಶ ಸೆಕೆಂಡಿಗೆ ಒಂದೆರಡು ಬಾರಿ, ಹೃದಯದ ಹಾಗೆ, ಮಿಡಿಯುತ್ತಲೇ ಇತ್ತು. ಒಂದು ಮಿಡಿತ ಮುಗಿದೊಡನೆ ಪೊಟ್ಯಾಸಿಯಂ ಹೊರಹರಿದು ಕೋಶದ ವೋಲ್ಟೇಜ್ ತಗ್ಗುತ್ತದೆ. ಬಳಿಕ ಸೋಡಿಯಂ ಮೆಲ್ಲಗೆ ಒಳಜಿನುಗುತ್ತದೆ, ಕ್ಯಾಲ್ಸಿಯಂ ಜತೆಗೂಡುತ್ತದೆ. ವೋಲ್ಟೇಜ್ ಏರುತ್ತ ಏರುತ್ತ ಮೈನಸ್ 40 ಮಿಲಿವೋಲ್ಟಿನ ಆಸುಪಾಸು ಮುಟ್ಟಿದಾಗ ಕೋಶದ ಗೋಡೆಯ ಬಾಗಿಲುಗಳಾದ ಸೋಡಿಯಂ ಚಾನೆಲ್‌ಗಳು ಒಮ್ಮೆಲೇ ತೆರೆದುಕೊಂಡು ಮತ್ತೊಂದು ಮಿಡಿತ. ಡೋಪಮೈನ್ ಎಂದೊಡನೆ ಖುಷಿ, ಮೊಬೈಲ್ ಚಟ ಎಂದು ಬರೆಯುವವರಿಗೆ ಯಾವ ಖುಷಿಯೂ ಇಲ್ಲದೆ ನಡೆಯುವ ಈ ದುಡಿಮೆ ಕಣ್ಣಿಗೇ ಬೀಳುವುದಿಲ್ಲ. ನಿರೀಕ್ಷಿಸದ ಬಹುಮಾನ ಸಿಕ್ಕಾಗ ಸರಸರನೆ ಸಿಡಿಯುವ ಮಿಡಿತಗಳ ಗೊಂಚಲು ಈ ನಿತ್ಯದ ಲಯದ ಮೇಲೆ ಬರುವಂಥದ್ದು. ಅದಕ್ಕೆ ಹೊರಗಿನ ಪ್ರಚೋದನೆ ಬೇಕು.

ಈ ಲಯವನ್ನು ನಡೆಸುವವರು ಯಾರು? ಜೇಮ್ಸ್ ಸರ್ಮಾಯರ್ ತಂಡ 2007ರಲ್ಲಿ ಎಲ್-ಟೈಪ್ ಎಂಬ ಕ್ಯಾಲ್ಸಿಯಂ ಚಾನೆಲ್‌ನತ್ತ ಬೆರಳು ಮಾಡಿತು. ಆದರೆ ಅದನ್ನು ಔಷಧದಿಂದ ಮುಚ್ಚಿದರೂ ಮಿಡಿತ ನಿಲ್ಲದಿರುವುದು ಮುಂದೆ ಕಂಡುಬಂತು. ಪಕ್ಕದ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶದ ಕೋಶಗಳಲ್ಲಂತೂ ಸೋಡಿಯಂ ಜಿನುಗುವಿಕೆಯದೇ ದೊಡ್ಡ ಪಾಲು. ಇಲ್ಲಿ ಒಬ್ಬನೇ ಯಜಮಾನನನ್ನು ಹುಡುಕಿದ್ದೇ ತಪ್ಪು ಎಂದು ನನ್ನ ಅನಿಸಿಕೆ.

ಹಾಗಿದ್ದೂ ಕ್ಯಾಲ್ಸಿಯಂ ಬಗೆಗಿನ ಕುತೂಹಲ ಆರಲಿಲ್ಲ. ಒಳಬಂದದ್ದನ್ನೆಲ್ಲ ಹೊರದೂಡಲು ಶಕ್ತಿ ಬೇಕು, ಆ ಹೊರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳ ಮೇಲೆ ಬೀಳುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾದ ಕೋಶಗಳೇ ಹೆಚ್ಚಾಗಿ ಸಾಯಲು ಇದೂ ಕಾರಣವಿರಬಹುದೆಂಬ ಊಹೆಯಲ್ಲಿ, ಎಲ್-ಟೈಪ್ ಚಾನೆಲ್ ಮುಚ್ಚುವ ಬಿಪಿ ಮಾತ್ರೆಯಾದ ಇಸ್ರಡಿಪಿನ್ ಅನ್ನು 336 ರೋಗಿಗಳ ಮೇಲೆ ಮೂರು ವರ್ಷ ಪರೀಕ್ಷಿಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು: ಕಾಯಿಲೆಯ ಓಟ ತಗ್ಗಿರಲಿಲ್ಲ. ಡೋಸ್ ಸಾಲಲಿಲ್ಲವೇನೋ ಎಂಬ ವಾದವಿದೆ. ಏರಿಸಲು ಹೋದರೆ ರೋಗಿಯ ಬಿಪಿ ಕುಸಿಯುತ್ತದೆ. ರಕ್ತನಾಳದ ಚಾನೆಲ್‌ಗಳನ್ನು ಬಿಟ್ಟು ಈ ಕೋಶಗಳ ಚಾನೆಲ್ಲನ್ನಷ್ಟೇ ತಡೆಯುವ ಮದ್ದು ಇನ್ನೂ ಔಷಧದಂಗಡಿಗೆ ಬಂದಿಲ್ಲ.